ಭೂಮಿಯ ಕಾಂತ ಕವಚದ ಕಸ್ಪ್ ಯಾಕೆ ಜಾರುತ್ತದೆ? ಮಗಳ ಪ್ರಶ್ನೆಗೆ ಉತ್ತರ ಬೇಕು

ಪನ್ವೇಲ್ ನಿವಾಸಿ (ಶುಕ್ರವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರದ ಕಡೆಯವ, ನ್ಯೂ ಪನ್ವೇಲಿಗೆ ಬಂದು ಹದಿನಾರು ವರ್ಷ ಆಯಿತು. ಭಾರತೀಯ ಭೂಕಾಂತತ್ವ ಸಂಸ್ಥೆ ನಮ್ಮೂರಲ್ಲೇ ಇದೆ, ದಿನಾ ಅದರ ಮುಂದೆಯೇ ಹಾದು ಹೋಗುತ್ತೇನೆ. ಒಳಗೆ ಏನು ಓದುತ್ತಾರೆ ಅಂತ ಈ ವಾರದವರೆಗೆ ಯೋಚಿಸಿದವನಲ್ಲ.

ಮೊನ್ನೆ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂತು. ಭೂಮಿಯ ಕಾಂತ ಕವಚಕ್ಕೆ ಧ್ರುವದ ಮೇಲೆ ತೂತು ಬಿದ್ದಿದೆ, ಸೂರ್ಯನ ವಿಕಿರಣ ಒಳಗೆ ನುಗ್ಗುತ್ತಿದೆ, ರಾತ್ರಿ ಫೋನ್ ಆಫ್ ಮಾಡಿ ಅಂತ. ಒಂಬತ್ತನೇ ತರಗತಿಯಲ್ಲಿರುವ ಮಗಳು ಅದನ್ನು ಹಿಡಿದುಕೊಂಡು ಹುಡುಕಿ, ಅದು ಹೊಸ ತೂತಲ್ಲ, ಕಸ್ಪ್ ಅಂತ ಎರಡೂ ಧ್ರುವಗಳ ಕಡೆ ಯಾವಾಗಲೂ ಇರುವ ಜಾಗ, ಸೌರಮಾರುತ (ಸೂರ್ಯನಿಂದ ಹರಿದು ಬರುವ ಕಣಗಳ ಗಾಳಿ) ಒಳಗೆ ಇಳಿಯುವುದು ಅಲ್ಲಿಂದ ಅಂತ ಪತ್ತೆ ಮಾಡಿದಳು. ಅಷ್ಟು ಸರಿ. ಆಮೇಲೆ ನನ್ನನ್ನು ಕೇಳಿದಳು: "ಅಪ್ಪ, ಗಾಳಿ ಬರುವುದು ಸೂರ್ಯನ ಕಡೆಯಿಂದ, ಬಡಿಯುವುದು ಎದುರಿಗೆ. ಮತ್ತೆ ಒಳಗೆ ಬರುವುದು ಮಾತ್ರ ನೆತ್ತಿಯ ಹತ್ತಿರದಿಂದ ಯಾಕೆ? ಆ ಜಾಗ ಒಂದೇ ಕಡೆ ನಿಲ್ಲುವುದೂ ಇಲ್ಲವಂತೆ!"

ಗಾಳಿ ಜೋರಾದರೆ ಜಾರುತ್ತದೆ ಅಂತ ಹೇಳಿಬಿಟ್ಟೆ. ಹೇಳಿದ ಮೇಲೆ ನನಗೇ ಅನುಮಾನ. ಶಾಲೆಯಲ್ಲಿ ಕೇಳಿದ್ದಕ್ಕೆ ಇದು ಸಿಲೆಬಸ್‌ನಲ್ಲಿಲ್ಲ ಅಂದರಂತೆ, ಪಾಪ ಮುಖ ಚಿಕ್ಕದು ಮಾಡಿಕೊಂಡು ಬಂದಳು. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಠಾಣೆ ಲೋಕಲ್

ನೀವು ಹೇಳಿದ್ದು ಸರಿಯೇ ಇದೆಯಲ್ಲ ಸರ್. ಸೌರಮಾರುತ ಸೆಕೆಂಡಿಗೆ 400 ಕಿ.ಮೀ. ಬರುವುದು, ಬಿರುಗಾಳಿ ದಿನ 800 ಕಿ.ಮೀ. ಒತ್ತಡ ಹೆಚ್ಚಾದಾಗ ಕವಚ ಒಳಗೆ ತಗ್ಗುತ್ತದೆ, ಕಸ್ಪ್ ಸರಿಯುತ್ತದೆ. ಬಲೂನನ್ನು ಒಂದು ಕಡೆ ಒತ್ತಿದ ಹಾಗೆ.

ಕೊಥ್ರೂಡ್ ಮೇಷ್ಟ್ರು

ಇಬ್ಬರಿಗೂ ನಮಸ್ಕಾರ್ರಿ. ನಾನು ಧಾರವಾಡದಾವ, ಪುಣೆಯಲ್ಲಿ ಮೂವತ್ತು ವರ್ಷ ಫಿಸಿಕ್ಸ್ ಕಲಿಸೀನಿ. ಒತ್ತಡದ ಮಾತನ್ನು ಮೊದಲು ಲೆಕ್ಕಕ್ಕೆ ಹಾಕಿ ನೋಡೋಣ.

ಆಯಸ್ಕಾಂತದ ಬಲ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ಕಾಂತಕ್ಷೇತ್ರ ಎದುರೊತ್ತುವ ಒತ್ತಡ ಅದರ ವರ್ಗ, ಅಂದರೆ ದೂರದ ಆರನೇ ಘಾತ. ಹಾಗಾಗಿ ಸೌರಮಾರುತದ ಒತ್ತಡ ಎರಡು ಪಟ್ಟು ಆದರೂ ಕವಚದ ಎದುರಿನ ಅಂಚು ಒಳಗೆ ಬರುವುದು ನೂರಕ್ಕೆ ಹನ್ನೊಂದರಷ್ಟು ಮಾತ್ರ. ಸಾಮಾನ್ಯ ದಿನ ಆ ಅಂಚು ಭೂಮಿಯ ಕೇಂದ್ರದಿಂದ ಸುಮಾರು 10 ಭೂತ್ರಿಜ್ಯ ದೂರದಲ್ಲಿರುತ್ತದೆ. ಅದನ್ನು 5ಕ್ಕೆ ತರಬೇಕಾದರೆ ಒತ್ತಡ 64 ಪಟ್ಟು ಆಗಬೇಕು. ಭೂಮಿ ಒತ್ತಡಕ್ಕೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಒತ್ತಡ ಏರಿದಾಗ ಕಸ್ಪ್ ಅಗಲ ಆಗುತ್ತದೆ, ಅದರೊಳಗಿನ ಪ್ಲಾಸ್ಮಾ, ಅಂದರೆ ವಿದ್ಯುದಾವೇಶದ ಕಣಗಳ ಅನಿಲ, ದಟ್ಟ ಆಗುತ್ತದೆ. ಠಾಣೆಯವರು ಹೇಳಿದ್ದರಲ್ಲಿ ಅಷ್ಟು ನಿಜ. ಆದರೆ ಕಸ್ಪ್ ದಿನಬೆಳಗಾದರೆ ನೂರಾರು ಕಿ.ಮೀ. ಜಾರುವುದಕ್ಕೆ ಕಾರಣ ವೇಗ ಅಲ್ಲ. ಸೌರಮಾರುತ ತನ್ನ ಜೊತೆ ಹೊತ್ತು ತರುವ ಕಾಂತಕ್ಷೇತ್ರ ಯಾವ ಕಡೆಗೆ ಮುಖ ಮಾಡಿದೆ ಅನ್ನೋದು. ಅದು ಬಹಳ ಸಣ್ಣ ಕ್ಷೇತ್ರ, 5 ನ್ಯಾನೋಟೆಸ್ಲಾ (ಕಾಂತಕ್ಷೇತ್ರ ಅಳೆಯುವ ಮಾನ) ಆಸುಪಾಸು. ಮುಂಬೈ ನೆಲದ ಮೇಲೆ ಭೂಮಿಯ ಸಮತಲ ಕ್ಷೇತ್ರವೇ ಸುಮಾರು 38,000 ನ್ಯಾನೋಟೆಸ್ಲಾ. ಆದರೂ ಆ ಐದರ ದಿಕ್ಕೇ ನಿರ್ಣಾಯಕ. ನಾಳೆ ಕೂತು ಬರೀತೀನಿ.

ಡೊಂಬಿವಲಿ ಓದುಗಿ

ಮೇಷ್ಟ್ರೇ, ಬರೆಯುವಾಗ ಒಂದು ಉಪಕಾರ ಮಾಡಿ. ಕಸ್ಪ್ ಅನ್ನುವುದಕ್ಕೆ ಒಂದು ಕನ್ನಡ ಪದ ಕೊಡಿ. ಲಾಳಿಕೆ ಅಂದರೆ ಚಿಮಣಿ ಎಣ್ಣೆ ಸುರಿಯುವ ತಗಡೇ ಕಣ್ಣಿಗೆ ಬರುತ್ತದೆ. ನನಗೆ ಅದು ತಲೆಯ ಸುಳಿಯ ಹಾಗೆ ಅನ್ನಿಸಿತು. ಮಗುವಿನ ನೆತ್ತಿಗೆ ಎಣ್ಣೆ ಹಚ್ಚುವಾಗ ಕೂದಲೆಲ್ಲ ಒಂದು ಕಡೆಯಿಂದ ಹೊರಟು ಬೇರೆ ಬೇರೆ ದಿಕ್ಕಿಗೆ ಮಲಗುತ್ತದಲ್ಲ, ಆ ಜಾಗ. ನೆತ್ತಿಸುಳಿ.

ಕೊಥ್ರೂಡ್ ಮೇಷ್ಟ್ರು (ಶನಿವಾರ ಬೆಳಿಗ್ಗೆ)

ಓದುಗಿಯಮ್ಮ, ನಿಮ್ಮ ಮಾತು ಇಡೀ ರಾತ್ರಿ ತಲೆಯೊಳಗಿತ್ತು. ಸುಳಿ ಬಹಳ ಚಂದ ಅದ. ಆದರೆ ಸುಳಿ ಹುಟ್ಟಿನಿಂದ ಬಂದದ್ದು, ಸಾಯುವ ತನಕ ಅಲ್ಲೇ ಇರ್ತದ. ಕಸ್ಪ್ ಹಾಗಲ್ಲ. ಅದು ಬೈತಲೆ. ಮುಂದಿನ ಕೂದಲು ಹಣೆಯ ಕಡೆಗೆ, ಹಿಂದಿನದು ಜಡೆಯ ಕಡೆಗೆ, ನಡುವೆ ಚರ್ಮ ಕಾಣುವ ಗೆರೆ. ಭೂಮಿಯಿಂದ ಹೊರಟ ಬಲರೇಖೆಗಳೂ ಹಾಗೆ: ಒಂದಷ್ಟು ಸೂರ್ಯನ ಕಡೆ ಬಾಗಿ ಇನ್ನೊಂದು ಧ್ರುವಕ್ಕೆ ಇಳಿಯುತ್ತವೆ, ಉಳಿದವು ಹಿಂದಕ್ಕೆ ಬಾಲವಾಗಿ ಎಳೆದುಕೊಂಡು ಹೋಗುತ್ತವೆ. ಎರಡೂ ಬೇರೆಯಾಗುವ ಜಾಗದಲ್ಲಿ ಕ್ಷೇತ್ರ ಸೊರಗಿರುತ್ತದೆ. ಸೌರಮಾರುತದ ಕಣಗಳು ಅಲ್ಲಿಂದ ನೇರ ವಾತಾವರಣದ ಮೇಲ್ತುದಿಗೆ ಇಳಿಯುತ್ತವೆ. ಇಂಥ ಎರಡು ಬಿಂದು ಇರಲೇಬೇಕು ಅಂತ ಚಾಪ್‌ಮನ್ ಮತ್ತು ಫೆರಾರೊ ಅನ್ನುವ ವಿಜ್ಞಾನಿಗಳು 1931ರ ಹೊತ್ತಿಗೇ ಕಾಗದದ ಮೇಲೆ ಕಂಡುಕೊಂಡಿದ್ದರು. ಉಪಗ್ರಹಗಳು ಅಲ್ಲಿ ಸೌರಮಾರುತದ ಕಣಗಳನ್ನು ನಿಜವಾಗಿ ಅಳೆದ ವರದಿ ಬಂದದ್ದು 1971ರಲ್ಲಿ.

ಈಗ ಮಗುವಿನ ಎರಡನೇ ಪ್ರಶ್ನೆ. ಇಲ್ಲಿ ಪಿಯುಸಿ ಓದಿದವರು ಲ್ಯಾಬ್ ನೆನಪು ಮಾಡಿಕೊಳ್ಳಿ. ದಂಡಕಾಂತ, ಸಣ್ಣ ದಿಕ್ಸೂಚಿ, ಡ್ರಾಯಿಂಗ್ ಶೀಟು, ನ್ಯೂಟ್ರಲ್ ಪಾಯಿಂಟ್ (ಕಾಂತದ ಕ್ಷೇತ್ರವೂ ಭೂಮಿಯ ಕ್ಷೇತ್ರವೂ ಒಂದನ್ನೊಂದು ಅಳಿಸುವ ಬಿಂದು) ಹುಡುಕುವ ಪ್ರಯೋಗ. ಮುಳ್ಳಿನ ತುದಿಗೆ ಚುಕ್ಕೆ, ಪೆಟ್ಟಿಗೆ ಮುಂದಕ್ಕೆ, ಮತ್ತೆ ಚುಕ್ಕೆ. ಕಾಂತದ ಉತ್ತರ ತುದಿ ಉತ್ತರಕ್ಕೆ ಇಟ್ಟರೆ ಎರಡು ಬಗಲಿಗೂ ಒಂದೊಂದು ಬಿಂದು ಸಿಗುತ್ತದೆ. ಅಲ್ಲಿ ದಿಕ್ಸೂಚಿ ಇಟ್ಟರೆ ಮುಳ್ಳು ಯಾವ ಕಡೆಗೂ ನಿಲ್ಲುವುದಿಲ್ಲ, ತಟ್ಟಿದ ಕಡೆ ತಿರುಗಿ ಸುಮ್ಮನಾಗುತ್ತದೆ. ಕಾಂತವನ್ನು ತಿರುಗಿಸಿ ಉತ್ತರ ತುದಿ ದಕ್ಷಿಣಕ್ಕೆ ಇಟ್ಟರೆ ಬಗಲಿನ ಬಿಂದುಗಳು ಮಾಯ, ಎರಡು ತುದಿಗಳ ಆಚೆ ಹೊಸ ಬಿಂದುಗಳು ಹುಟ್ಟುತ್ತವೆ. ಭೂಮಿಯ ಕ್ಷೇತ್ರ ಒಂದಿಷ್ಟೂ ಹೆಚ್ಚಿಲ್ಲ, ಕಡಿಮೆ ಆಗಿಲ್ಲ. ತಿರುಗಿದ್ದು ದಿಕ್ಕು ಮಾತ್ರ.

ಈಗ ದಂಡಕಾಂತದ ಜಾಗದಲ್ಲಿ ಭೂಮಿ ಇಡ್ರಿ, ಭೂಮಿಯ ಕ್ಷೇತ್ರದ ಜಾಗದಲ್ಲಿ ಸೌರಮಾರುತದ ಕ್ಷೇತ್ರ ಇಡ್ರಿ. 1961ರಲ್ಲಿ ಡಂಗಿ ಅನ್ನುವ ಬ್ರಿಟಿಷ್ ವಿಜ್ಞಾನಿ ಹೇಳಿದ ಮಾತಿನ ತಿರುಳು ಇದೇ. ಸಮಭಾಜಕದ ಮೇಲೆ ನಮ್ಮ ಕ್ಷೇತ್ರ ಉತ್ತರಮುಖ. ಬರುವ ಕ್ಷೇತ್ರ ದಕ್ಷಿಣಮುಖ ಆದರೆ ಸೂರ್ಯನಿಗೆ ಎದುರಾದ ಹಣೆಯ ಮೇಲೆ ಎರಡೂ ಒಂದನ್ನೊಂದು ಅಳಿಸುತ್ತವೆ. ಅಲ್ಲಿ ರೇಖೆಗಳು ತುಂಡಾಗಿ ಮರುಜೋಡಣೆ ಆಗುತ್ತದೆ, ಭೂಮಿಯ ರೇಖೆಯ ಒಂದು ತುದಿ ನೆಲದಲ್ಲಿ, ಇನ್ನೊಂದು ತುದಿ ಸೌರಮಾರುತದಲ್ಲಿ. ಮಾರುತ ಅದನ್ನು ಹಿಡಿದು ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ. ಮುಂದಿನ ಕೂದಲನ್ನು ಒಂದೊಂದಾಗಿ ಹಿಂದಿನ ಜಡೆಗೆ ಸೇರಿಸಿದಂತೆ. ಮುಂದೆ ಕೂದಲು ಕಡಿಮೆ ಆದಷ್ಟೂ ಬೈತಲೆ ಹಣೆಯ ಕಡೆಗೆ ಇಳಿಯುತ್ತದಲ್ಲ? ಕಸ್ಪ್ ಸಮಭಾಜಕದ ಕಡೆಗೆ ಜಾರುವುದು ಅದಕ್ಕೇ.

ಶಾಂತ ದಿನ ಅದು ನಡುಹಗಲಿನ ಹತ್ತಿರ 77–78 ಡಿಗ್ರಿ ಕಾಂತ ಅಕ್ಷಾಂಶದಲ್ಲಿ (ಕಾಂತಧ್ರುವವನ್ನು ಹಿಡಿದು ಲೆಕ್ಕ ಹಾಕುವ ಅಕ್ಷಾಂಶ) ಇರುತ್ತದೆ. ದಕ್ಷಿಣಮುಖ ಕ್ಷೇತ್ರ ಬಲವಾಗಿ ಬಹಳ ಹೊತ್ತು ನಿಂತರೆ 70ರ ಆಸುಪಾಸಿಗೆ ಬರುತ್ತದೆ. ಏಳೆಂಟು ಡಿಗ್ರಿ ಅಂದರೆ ಮುಂಬೈಯಿಂದ ಬೆಂಗಳೂರಿನಷ್ಟು ದೂರ. ದಿಕ್ಕು ತಿರುಗಿದ ಕೆಲವೇ ನಿಮಿಷಗಳಲ್ಲಿ ಈ ಜಾರುವಿಕೆ ಶುರು.

ಉತ್ತರಮುಖ ಆದರೆ ಹಣೆಯ ಮೇಲೆ ಅಳಿಸುವುದಕ್ಕೆ ಏನೂ ಇಲ್ಲ. ಆಗ ಮರುಜೋಡಣೆ ಕಸ್ಪಿನ ಹಿಂದೆ, ಬಾಲದ ಬುಡದಲ್ಲಿ. ಕಸ್ಪ್ ಹಿಂದಕ್ಕೆ ಸರಿದು ಮೇಲೆ ಇರುತ್ತದೆ, ಉತ್ತರಮುಖ ಕ್ಷೇತ್ರ ಎಷ್ಟೇ ಬಲವಾದರೂ ಆಮೇಲೆ ಅಷ್ಟಾಗಿ ಕದಲುವುದಿಲ್ಲ.

ಪನ್ವೇಲ್ ನಿವಾಸಿ

ಮೇಷ್ಟ್ರೇ, ಕೈಮುಗಿದೆ. ಭಂಡಾರ್ಕಾರ್ಸ್ ಕಾಲೇಜಿನ ಲ್ಯಾಬಿನಲ್ಲಿ ಇದೇ ಪ್ರಯೋಗ ಮಾಡಿ ರೆಕಾರ್ಡ್ ಬುಕ್ಕಿಗೆ ಸಹಿ ಹಾಕಿಸಿಕೊಂಡವನು ನಾನು. ಮಾರ್ಕು ಬಂತು, ಅದಕ್ಕೂ ಆಕಾಶಕ್ಕೂ ಸಂಬಂಧ ಉಂಟು ಅಂತ ಇಪ್ಪತ್ತೈದು ವರ್ಷ ಆದ ಮೇಲೆ ಗೊತ್ತಾಯಿತು. ಮಗಳಿಗೆ ಓದಿ ಹೇಳಿದೆ. ಬೈತಲೆಯ ಮಾತು ಬಂದ ತಕ್ಷಣ ಬಾಚಣಿಗೆ ತಂದು ಕೂತಳು.

ಠಾಣೆ ಲೋಕಲ್

ಒಪ್ಪಿದೆ ಸರ್, ಬಲೂನು ತಪ್ಪು ಹೋಲಿಕೆ. ಆದರೆ ಒಂದು ಅನುಮಾನ ಉಳಿಯಿತು. ಉಪಗ್ರಹ ಒಂದೇ ಸಲ ಕಸ್ಪ್ ದಾಟುವುದು, ಕೆಲವೇ ನಿಮಿಷ. ಅಷ್ಟರಲ್ಲಿ ಮರುಜೋಡಣೆ ಹಣೆಯಲ್ಲಾಯಿತೋ ಹಿಂದೆ ಆಯಿತೋ ಅಂತ ಹೇಗೆ ಗೊತ್ತಾಗುತ್ತದೆ? ಅಲ್ಲಿಗೆ ಹೋಗಿ ನೋಡಿದವರು ಯಾರು?

ಕೊಥ್ರೂಡ್ ಮೇಷ್ಟ್ರು

ನಿಮ್ಮ ಹೆಸರಲ್ಲೇ ಉತ್ತರ ಅದ ನೋಡ್ರಿ. ಮುಂಬೈಯ ಸಿಎಸ್‌ಎಂಟಿ ನಿಲ್ದಾಣದಿಂದ ಫಾಸ್ಟ್ ಲೋಕಲ್, ಸ್ಲೋ ಲೋಕಲ್ ಒಂದೇ ಹೊತ್ತಿಗೆ ಬಿಟ್ಟವು ಅನ್ನಿ. ಠಾಣೆಯಲ್ಲಿ ಮೊದಲು ಫಾಸ್ಟ್ ಬರ್ತದ, ಆಮೇಲೆ ಸ್ಲೋ. ಎರಡರ ನಡುವಿನ ಅಂತರ ನೋಡಿಯೇ ಗಾಡಿ ಎಷ್ಟು ದೂರದಿಂದ ಹೊರಟಿದೆ ಅಂತ ಲೆಕ್ಕ ಹಾಕಬಹುದು. ಮರುಜೋಡಣೆಯ ಜಾಗದಿಂದ ಹೊರಟ ಪ್ರೋಟಾನುಗಳೂ ಹೀಗೇ, ವೇಗದವು ಮೊದಲು ಕೆಳಗೆ ತಲುಪುತ್ತವೆ. ಅಷ್ಟರಲ್ಲಿ ಬಲರೇಖೆಯೇ ಪಕ್ಕಕ್ಕೆ ಸರಿಯುತ್ತಿರುತ್ತದೆ, ಅಂದರೆ ನಿಧಾನದವು ಬಂದಿಳಿಯುವ ಪ್ಲಾಟ್‌ಫಾರ್ಮ್ ಬೇರೆ. ದಕ್ಷಿಣಮುಖ ಇದ್ದಾಗ ರೇಖೆ ಧ್ರುವದ ಕಡೆ ಹೋಗುತ್ತದೆ. ಆದ್ದರಿಂದ ಕೆಳ ಅಕ್ಷಾಂಶದಲ್ಲಿ ವೇಗದ ಕಣ, ಮೇಲೆ ಹೋದಂತೆ ನಿಧಾನದವು. ಉತ್ತರಮುಖ ಇದ್ದಾಗ ಈ ಕ್ರಮ ಉಲ್ಟಾ. ಒಂದು ಉಪಗ್ರಹದ ಕೆಲವು ನಿಮಿಷದ ದಾಖಲೆ ಸಾಕು ಮರುಜೋಡಣೆ ಎಲ್ಲಿ ಆಗಿದೆ ಅಂತ ಹೇಳಲಿಕ್ಕೆ.

ಆದರೆ ಒಂದೇ ಉಪಗ್ರಹಕ್ಕೆ ಒಂದು ಸಂಕಟ ತಪ್ಪಿದ್ದಲ್ಲ. ಅಳತೆ ಬದಲಾದರೆ, ತಾನು ಬೇರೆ ಜಾಗಕ್ಕೆ ಬಂದದ್ದಕ್ಕೋ, ಕಸ್ಪೇ ಈ ನಡುವೆ ಸರಿದದ್ದಕ್ಕೋ ತಿಳಿಯುವುದಿಲ್ಲ. ಯುರೋಪಿನವರು ಕ್ಲಸ್ಟರ್ ಅಂತ ನಾಲ್ಕು ಉಪಗ್ರಹ ಒಟ್ಟಿಗೆ ಕಳಿಸಿದ್ದು ಇದಕ್ಕೇ. ಮೊದಲ ನಾಲ್ಕು 1996ರ ಜೂನ್ 4ರಂದು ಏರಿಯಾನ್-5 ರಾಕೆಟ್ ಸಿಡಿದಾಗ ಸುಟ್ಟುಹೋದವು. ಮತ್ತೆ ಕಟ್ಟಿ 2000ದಲ್ಲಿ ಹಾರಿಸಿದರು, 2024ರವರೆಗೆ ಕೆಲಸ ಮಾಡಿದವು. ನಾಲ್ಕು ಉಪಗ್ರಹ ಹೋದ ಮೇಲೆ ಅದೇ ನಾಲ್ಕನ್ನು ಮೊದಲಿಂದ ಕಟ್ಟಿದವರ ಧೈರ್ಯ ನನಗೆ ಬಹಳ ದೊಡ್ಡದು ಅನ್ನಿಸ್ತದ. 2025ರ ಜುಲೈನಲ್ಲಿ ನಾಸಾ ಟ್ರೇಸರ್ಸ್ ಅಂತ ಎರಡು ಉಪಗ್ರಹ ಬಿಟ್ಟಿದೆ. ಒಂದರ ಹಿಂದೆ ಒಂದು, ಹತ್ತು ಸೆಕೆಂಡಿನಿಂದ ಎರಡು ನಿಮಿಷದ ಅಂತರದಲ್ಲಿ ಒಂದೇ ಕಸ್ಪನ್ನು ದಾಟುವಂತೆ ರೂಪಿಸಿದ್ದು.

ವಾಸ್ಕೋದಿಂದ (ಶನಿವಾರ ರಾತ್ರಿ)

ನಾನು ಕಾರವಾರದವ, ಗೋವಾದ ವಾಸ್ಕೋದಲ್ಲಿ ಇದ್ದೇನೆ. ನಮ್ಮ ಸಡಾ ಗುಡ್ಡದ ಮೇಲೆಯೇ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇದೆ. ಭಾರತದ ಮೊದಲ ಅಂಟಾರ್ಕ್ಟಿಕ ಯಾತ್ರೆ 1981ರ ಡಿಸೆಂಬರಿನಲ್ಲಿ ಹೊರಟದ್ದು ಗೋವಾದಿಂದಲೇ. ನಾನು ವಿಜ್ಞಾನಿ ಅಲ್ಲ, ಜನರೇಟರ್ ಮೆಕ್ಯಾನಿಕ್. ಒಂದು ಚಳಿಗಾಲ ಅಂಟಾರ್ಕ್ಟಿಕದ ನಮ್ಮ ಭಾರತಿ ನಿಲ್ದಾಣದಲ್ಲಿ ಉಳಿದಿದ್ದೆ, ಆ ಭರವಸೆಯ ಮೇಲೆ ಬರೆಯುತ್ತಿದ್ದೇನೆ.

ಭಾರತಿ ಇರುವುದು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. ಆದರೆ ಕಾಂತ ಅಕ್ಷಾಂಶ 75ರ ಹತ್ತಿರ. ಅಲ್ಲಿನ ಕಾಂತ ನಡುಹಗಲು (ಕಾಂತಧ್ರುವದ ಲೆಕ್ಕದಲ್ಲಿ ಸೂರ್ಯ ನೇರ ಎದುರಿಗೆ ಬರುವ ಹೊತ್ತು), ನಮ್ಮ ಭಾರತದ ಗಡಿಯಾರದಲ್ಲಿ ಮಧ್ಯಾಹ್ನ ಮೂರೂವರೆ, ನಾಲ್ಕು ಗಂಟೆ. ಆ ಹೊತ್ತಿಗೆ ಕಸ್ಪ್ ತಲೆಯ ಮೇಲೆ ಅಥವಾ ಹತ್ತಿರದಲ್ಲೇ ಹಾದುಹೋಗುತ್ತದೆ ಅಂತ ಪನ್ವೇಲ್ ಸಂಸ್ಥೆಯಿಂದ ಬಂದಿದ್ದ ಹುಡುಗ ಹೇಳಿಕೊಟ್ಟ. ಕಾಂತಕ್ಷೇತ್ರ ಅಳೆಯುವ ಅವನ ಮ್ಯಾಗ್ನೆಟೋಮೀಟರ್ ನಿಲ್ದಾಣದಿಂದ ದೂರ, ಕಬ್ಬಿಣ ಇಲ್ಲದ ಗುಡಿಸಲಲ್ಲಿ. ಅಲ್ಲಿಗೆ ಹೋಗುವ ಮುಂಚೆ ನನ್ನ ಸ್ಪ್ಯಾನರು, ಬೆಲ್ಟಿನ ಬಕಲ್ಲು, ಕೀಗೊಂಚಲು ಎಲ್ಲ ಬಾಗಿಲಲ್ಲೇ ಇಡಬೇಕಿತ್ತು. ಚಹಾದ ಹೊತ್ತಿಗೆ ಅವನ ಪರದೆ ನೋಡಿದರೆ, ಬೆಳಗಿನಿಂದ ಸುಮ್ಮನಿದ್ದ ಗೆರೆ ಸಣ್ಣಗೆ ನಡುಗುತ್ತಿರುತ್ತಿತ್ತು. ಕೆಲವು ದಿನ ಆ ನಡುಕ ಬಹಳ, ಕೆಲವು ದಿನ ಇಲ್ಲವೇ ಇಲ್ಲ. "ಇವತ್ತು ಕಸ್ಪ್ ನಮ್ಮನ್ನು ಬಿಟ್ಟು ಆಚೆ ಹೋಗಿದೆ ಅಣ್ಣಾ" ಅನ್ನುತ್ತಿದ್ದ.

ಕಣ್ಣಿಗೆ ಏನಾದರೂ ಕಂಡಿತೇ ಅಂತ ಎಲ್ಲರೂ ಕೇಳುತ್ತಾರೆ. ಕಸ್ಪಿನ ಬೆಳಕು ಮಂಕು ಕೆಂಪು, ಜೂನ್ ತಿಂಗಳಲ್ಲೂ ಆ ಹೊತ್ತಿಗೆ ಅಂಚಿನಲ್ಲಿ ಸಂಜೆಯ ಬೆಳಕು ಉಳಿದಿರುತ್ತದೆ. ನನಗೆ ಕಾಣಲಿಲ್ಲ. ರಾತ್ರಿ ಕುಣಿಯುವ ಹಸಿರು ಅರೋರಾ ಬೇರೆ, ಅದನ್ನು ಹೊಟ್ಟೆತುಂಬ ನೋಡಿದ್ದೇನೆ.

ಕೊಥ್ರೂಡ್ ಮೇಷ್ಟ್ರು

ವಾಸ್ಕೋದವರೇ, ನೀವು ಬರೆದದ್ದು ಹತ್ತು ಪಾಠಕ್ಕೆ ಸಮ. ಹಗಲ ಕಸ್ಪಿನ ಬೆಳಕನ್ನು ಬರಿಗಣ್ಣಿಗೆ ಹಿಡಿಯಲು ಉತ್ತರ ಧ್ರುವದ ಕಡೆಯ ನಾರ್ವೆ ದ್ವೀಪಗಳಾದ ಸ್ವಾಲ್‌ಬಾರ್ಡ್ ಸರಿಯಾದ ಜಾಗ. ನಮ್ಮ ಹಿಮಾದ್ರಿ ನಿಲ್ದಾಣ 2008ರಿಂದ ಅಲ್ಲಿನ ನೀ-ಓಲಸುಂಡಿನಲ್ಲಿದೆ, 79 ಡಿಗ್ರಿ ಉತ್ತರದ ಹತ್ತಿರ. ಡಿಸೆಂಬರಿನಲ್ಲಿ ಅಲ್ಲಿ ನಡುಮಧ್ಯಾಹ್ನವೂ ಕತ್ತಲೆ. ಸುಮಾರು 250 ಕಿ.ಮೀ. ಎತ್ತರದಲ್ಲಿ ಆಮ್ಲಜನಕದ ಪರಮಾಣು ಕೊಡುವ 630 ನ್ಯಾನೋಮೀಟರ್ ಕೆಂಪು ಪಟ್ಟಿ ಉತ್ತರ ದಕ್ಷಿಣಕ್ಕೆ ಸರಿಯುವುದೇ ಕಸ್ಪ್ ಸರಿಯುವ ಗುರುತು.

ಇನ್ನೊಂದು ಬಿಟ್ಟಿದ್ದೆ. ಸೌರಮಾರುತದ ಕ್ಷೇತ್ರ ಭೂಮಿಯ ಸಂಜೆಯ ಬದಿಗೆ ವಾಲಿದರೆ ಉತ್ತರದ ಕಸ್ಪ್ ಮಧ್ಯಾಹ್ನ ದಾಟಿದ ಕಡೆಗೆ ಸರಿಯುತ್ತದೆ, ದಕ್ಷಿಣದ್ದು ಬೆಳಗಿನ ಕಡೆಗೆ. ಮುಂಜಾನೆಯ ಬದಿಗೆ ವಾಲಿದರೆ ಅದಲು ಬದಲು. ಒಂದೇ ಗಾಳಿ, ಎರಡು ಧ್ರುವದಲ್ಲಿ ಎರಡು ತೆರ. ಋತುವಿಗೆ ತಕ್ಕಂತೆ ಭೂಮಿಯ ವಾಲುವಿಕೆಯೂ ಸ್ವಲ್ಪ ಸರಿಸುತ್ತದೆ, ಅದು ಸಣ್ಣದು.

ಡೊಂಬಿವಲಿ ಓದುಗಿ

ಬೈತಲೆಗೆ ನನ್ನ ಒಪ್ಪಿಗೆ ಇದೆ. ಒಂದು ಕಡೆಗೆ ತೆಗೆದ ಬೈತಲೆಯನ್ನು ನಾವು ಓರೆಬೈತಲೆ ಅನ್ನುತ್ತೇವೆ, ಅದೂ ಹೊಂದುತ್ತದೆ. ಆದರೆ ವಾಟ್ಸಾಪ್‌ನ ಭಯಕ್ಕೆ ಯಾರೂ ಉತ್ತರ ಕೊಡಲಿಲ್ಲ. ನಮ್ಮ ಅತ್ತೆ ನಿಜವಾಗಿಯೂ ಫೋನ್ ಆಫ್ ಮಾಡಿ ಮಲಗಿದ್ದರು.

ಕೊಥ್ರೂಡ್ ಮೇಷ್ಟ್ರು

ಅತ್ತೆಯವರಿಗೆ ಹೇಳ್ರಿ, ಕಸ್ಪಿನಲ್ಲಿ ಇಳಿಯುವ ಕಣಗಳಿಗೆ ನೆಲ ಮುಟ್ಟುವ ಶಕ್ತಿ ಇಲ್ಲ. ನೂರಾರು ಕಿ.ಮೀ. ಮೇಲೆಯೇ ತೆಳು ಗಾಳಿಗೆ ತಾಗಿ ನಿಲ್ಲುತ್ತವೆ. ಅದರ ಪೆಟ್ಟು ಅಲ್ಲೇ: ಗಾಳಿ ಕಾದು ಮೇಲಕ್ಕೆ ಉಬ್ಬುತ್ತದೆ. ಚಾಂಪ್ ಉಪಗ್ರಹ ಸುಮಾರು 400 ಕಿ.ಮೀ. ಎತ್ತರದಲ್ಲಿ ಕಸ್ಪಿನ ಕೆಳಗೆ ಗಾಳಿಯ ಸಾಂದ್ರತೆ ಹೆಚ್ಚುಕಡಿಮೆ ಎರಡು ಪಟ್ಟು ಇದ್ದದ್ದನ್ನು ಕಂಡಿತು. ಉಪಗ್ರಹ ಅದರಲ್ಲಿ ಹಾದಾಗಲೆಲ್ಲ ಸ್ವಲ್ಪ ತಡೆ, ಸ್ವಲ್ಪ ಇಳಿತ. ಚಿಂತೆ ಮಾಡಬೇಕಾದವರು ಉಪಗ್ರಹ ನಡೆಸುವವರು.

ಅಲಿಬಾಗ್ ಕಡಲು

ತಡವಾಗಿ ಬಂದೆ, ಕ್ಷಮಿಸಿ. ಧ್ರುವದ ಮಾತು ಇಷ್ಟಾಯಿತು, ಮುಂಬೈಯ ಮಾತೂ ಬರಲಿ. ಕೊಲಾಬಾ ವೀಕ್ಷಣಾಲಯದಲ್ಲಿ 1840ರ ದಶಕದಿಂದ ಭೂಕಾಂತದ ಅಳತೆ ನಡೆದಿದೆ. 1859ರ ಸೆಪ್ಟೆಂಬರ್ 2ರ ದೊಡ್ಡ ಸೌರ ಬಿರುಗಾಳಿಯ ದಿನ ಅಲ್ಲಿ ಸಮತಲ ಕ್ಷೇತ್ರ ಸುಮಾರು 1,600 ನ್ಯಾನೋಟೆಸ್ಲಾ ಕುಸಿದದ್ದು ಕೈಬರಹದ ಪುಸ್ತಕದಲ್ಲಿದೆ. ಇವತ್ತಿಗೂ ಲೋಕದ ವಿಜ್ಞಾನಿಗಳು ಆ ಬಿರುಗಾಳಿಯನ್ನು ಅಳೆಯುವುದು ನಮ್ಮ ಮುಂಬೈಯ ಆ ಪುಟದಿಂದ. ಮುಂದೆ ಮುಂಬೈಗೆ ಕರೆಂಟಿನ ಟ್ರಾಮು ಬರುತ್ತದೆ ಅಂದಾಗ ಅದರ ಕ್ಷೇತ್ರ ಅಳತೆ ಕೆಡಿಸುತ್ತದೆ ಅಂತ 1904ರಲ್ಲಿ ಅಲಿಬಾಗಿನಲ್ಲಿ ಹೊಸ ವೀಕ್ಷಣಾಲಯ ಶುರುಮಾಡಿದರು. ಎರಡೂ ಕಡೆ ಕೆಲಕಾಲ ಜೊತೆಯಲ್ಲೇ ಅಳೆದು, ಸಾಲು ತುಂಡಾಗದಂತೆ ನೋಡಿಕೊಂಡರು. ಆ ಜೋಪಾನಕ್ಕೆ ನನ್ನ ಗೌರವ.

ಠಾಣೆಯವರ ಒತ್ತಡ ಅಲಿಬಾಗಿನಲ್ಲಿ ಚೆನ್ನಾಗಿ ಕಾಣುತ್ತದೆ. ಸೌರಮಾರುತ ಫಕ್ಕನೆ ಬಡಿದಾಗ ಗೆರೆ ಒಂದೇ ಏಟಿಗೆ ಹತ್ತಾರು ನ್ಯಾನೋಟೆಸ್ಲಾ ಮೇಲೇಳುತ್ತದೆ. ಆಮೇಲೆ ಗೆರೆ ಗಂಟೆಗಟ್ಟಲೆ ಇಳಿಯುತ್ತಾ ಹೋದರೆ, ಬಂದ ಕ್ಷೇತ್ರ ದಕ್ಷಿಣಮುಖ ಅಂತ ಅರ್ಥ. ಬಡಿತ ಬಂದೂ ಇಳಿತ ಬಾರದ ದಿನಗಳೂ ಇವೆ. 2024ರ ಮೇ 10ರ ರಾತ್ರಿ ಎರಡೂ ಇತ್ತು, ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿತ್ತು.

ಠಾಣೆ ಲೋಕಲ್

ಹಾಗಾದರೆ ದಿಕ್ಕನ್ನು ಮೊದಲೇ ತಿಳಿಯಲು ಆದಿತ್ಯ-ಎಲ್1 ಇದೆಯಲ್ಲ. 15 ಲಕ್ಷ ಕಿ.ಮೀ. ಆಚೆ, ಆರು ಮೀಟರ್ ಕೋಲಿನ ಮೇಲೆ ಮ್ಯಾಗ್ನೆಟೋಮೀಟರ್. 400 ಕಿ.ಮೀ. ವೇಗಕ್ಕೆ ಭಾಗಿಸಿದೆ: ಒಂದು ಗಂಟೆ. 800ಕ್ಕೆ ಅರ್ಧ ಗಂಟೆ. ವೇಗ ಹೆಚ್ಚಾದಷ್ಟೂ ನಮಗೆ ಸಿಗುವ ಸಮಯ ಕಡಿಮೆ. ವೇಗದ ಲೆಕ್ಕ ಇಲ್ಲಿ ಕೆಲಸಕ್ಕೆ ಬಂತು.

ಪನ್ವೇಲ್ ನಿವಾಸಿ (ಭಾನುವಾರ ರಾತ್ರಿ)

ಇವತ್ತು ನಾನೂ ಮಗಳೂ ಪ್ರಯೋಗ ಮಾಡಿದೆವು. ಮೊದಲು ಬಿಲ್ಡಿಂಗಿನ ಟೆರೇಸಿಗೆ ಹೋದೆವು. ಲಿಫ್ಟ್ ಕೋಣೆಯ ಹತ್ತಿರ ದಿಕ್ಸೂಚಿ ಒಂದು ಕಡೆ ತೋರಿಸುತ್ತದೆ, ನೀರಿನ ಟ್ಯಾಂಕಿನ ಹತ್ತಿರ ಇನ್ನೊಂದು ಕಡೆ. ಸ್ಲ್ಯಾಬಿನ ಸರಳುಗಳು ಇರಬೇಕು. ಕೊಲಾಬಾ ಬಿಟ್ಟು ಅಲಿಬಾಗಿಗೆ ಯಾಕೆ ಹೋದರು ಅಂತ ಅವಳಿಗೆ ನಾನು ಹೇಳಬೇಕಾಗಲಿಲ್ಲ. ಡ್ರಾಯಿಂಗ್ ಬೋರ್ಡ್ ಹೊತ್ತುಕೊಂಡು ಮೈದಾನದ ನಡುವೆ ಹೋಗಿ ಕೂತೆವು, ನನ್ನ ಬೈಕನ್ನು ರಸ್ತೆಯಲ್ಲೇ ಬಿಟ್ಟು.

ಕಾಂತದ ಉತ್ತರ ತುದಿ ಉತ್ತರಕ್ಕೆ ಇಟ್ಟಾಗ ಬಗಲಿನಲ್ಲಿ ಬಿಂದು ಸಿಕ್ಕಿತು, ಕಾಂತದ ನಡುವಿನಿಂದ 13 ಸೆಂ.ಮೀ. ಮುಳ್ಳನ್ನು ಬೆರಳಿನಿಂದ ತಟ್ಟಿದರೆ ತೂಗಾಡಿ ಎಲ್ಲೆಲ್ಲೋ ನಿಲ್ಲುತ್ತಿತ್ತು. ಮಗಳು ನಾಲ್ಕು ಸಲ ತಟ್ಟಿದಳು, ನಾಲ್ಕು ಸಲವೂ ಬೇರೆ ಬೇರೆ ಕಡೆ. ತಿರುಗಿಸಿ ಇಟ್ಟಾಗ ಆ ಬಗಲಿನ ಜಾಗದಲ್ಲಿ ಮುಳ್ಳು ಗಟ್ಟಿಯಾಗಿ ಉತ್ತರ ಹಿಡಿಯಿತು, ತುದಿಯ ಆಚೆ 18 ಸೆಂ.ಮೀ.ನಲ್ಲಿ ಹೊಸ ಬಿಂದು.

ಆಮೇಲೆ ಅವಳೇ ಕಾಂತವನ್ನು ಪೂರ್ವಕ್ಕೆ ಓರೆ ಮಾಡಿದಳು. "ಡೊಂಬಿವಲಿಯವರು ಹೇಳಿದ ಓರೆಬೈತಲೆ ನೋಡಬೇಕು" ಅಂದಳು. ಬಿಂದು ಬಗಲಿಗೂ ತುದಿಗೂ ನಡುವೆ ಎಲ್ಲೋ ಬೀಳುತ್ತದೆ. ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಆರು ಗುರುತು ಹಾಕಿದೆವು, ಏಳನೆಯದಕ್ಕೆ ಕತ್ತಲಾಗಿ ಮುಳ್ಳು ಕಾಣಲಿಲ್ಲ. ಕಾಗದ ಗೋಡೆಗೆ ಅಂಟಿಸಿದ್ದಾಳೆ. ಫೋಟೋ ಹಾಕಲೇ?

ಕೊಥ್ರೂಡ್ ಮೇಷ್ಟ್ರು

ಹಾಕ್ರಿ, ಹಾಕ್ರಿ. ಪ್ರತಿ ಗುರುತಿನ ಪಕ್ಕ ಕಾಂತ ಎಷ್ಟು ಡಿಗ್ರಿ ತಿರುಗಿತ್ತು ಅಂತ ಬರೆಯಲಿಕ್ಕೆ ಹೇಳ್ರಿ. ಏಳನೆಯದನ್ನು ನಾಳೆ ಬೆಳಿಗ್ಗೆ ಅದೇ ಜಾಗದಲ್ಲಿ ಕೂತು ಹಾಕಬೇಕು, ಜಾಗ ಬದಲಿಸಬಾರದು.